ಹೊಡೆದು ನೋಡಿ ಕೊಳ್ಳುವ ಕರಿಯಮ್ಮ ಮೇಡಂ

ಸೀರೆ ಕೊಳ್ಳುವವರು ಸೆರಗು ಉಜ್ಜಿ ನೋಡುತ್ತಾರೆ. ಕೊಬ್ಬರಿ ಕೊಳ್ಳುವವರು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಗಿಟುಕಿನ ಸದ್ದು ಕೇಳುತ್ತಾರೆ. ಚಪ್ಪಲಿ ಕೊಳ್ಳುವವರು ಅಂಗಡಿಯೊಳಗೇ ಮದುಮಗನ ಹಾಗೆ ಗಂಭೀರವಾಗಿ ಒಂದು ಸುತ್ತು ನಡೆಯುತ್ತಾರೆ. ಆದರೆ ಕೊಳ್ಳಬೇಕೆಂದಿರುವ ಪದಾರ್ಥದಿಂದ ಅಂಗಡಿಯ ಯಜಮಾನನ ಹಣೆಗೆ ಗುದ್ದಿ, ಅವನ ಮುಖ ನೋಡಿ, ಆಮೇಲೆ ಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದ ಗಿರಾಕಿ ನನ್ನ ವ್ಯಾಪಾರದ ಆಯುಷ್ಯದಲ್ಲಿ ಒಬ್ಬರೇ. ಅವರು ಕರಿಯಮ್ಮ ಮೇಡಂ.

"ಮೂಳೆ ಸಿಕ್ತಾ, ಯಜಮಾನ್ರೇ?" ಎಂದು ಕೇಳುತ್ತಿದ್ದರು, ಗುದ್ದಿದ ಮೇಲೆ. ಅವರ ಬೆರಳಿನ ಗೆಣ್ಣು ನನ್ನ ಹಣೆಗೆ ತಾಕಿತೇ ಎಂಬುದು ಪ್ರಶ್ನೆ. ಸಿಕ್ಕಿತು ಎಂದರೆ ಕೈಗೆ ಹಾಕಿಕೊಂಡಿದ್ದ ಬಾಕ್ಸಿಂಗ್ ಗ್ಲೌಸನ್ನು ಕಳಚಿ, ಬೇಡವೆಂದು ಗಲ್ಲಾಪೆಟ್ಟಿಗೆಯ ಮೇಲೆ ಒಗೆಯುತ್ತಿದ್ದರು. ಸಿಕ್ಕಲಿಲ್ಲ ಎಂದರೆ ಇನ್ನೊಂದು ಸಲ, ಸ್ವಲ್ಪ ಜೋರಾಗಿ ಗುದ್ದುತ್ತಿದ್ದರು. ಹೀಗಾಗಿ ಒಳ್ಳೆಯ ಮಾಲು ತರಿಸಿದಷ್ಟೂ ನನಗೆ ಏಟು ಹೆಚ್ಚು. ವ್ಯಾಪಾರದಲ್ಲಿ ಪ್ರಾಮಾಣಿಕತೆಗೆ ಇಷ್ಟು ತಕ್ಷಣದ ಫಲ ಬೇರೆಲ್ಲೂ ದೊರಕಿದ್ದನ್ನು ನಾನು ಕಾಣೆ.

ತಿಪಟೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿರುವ ನನ್ನ ಅಂಗಡಿ ಬೋರ್ಡಿನ ಪ್ರಕಾರ ಆಟದ ಸಾಮಾನಿನದು. ನಿಜವಾಗಿ ಅದು ಬದುಕಿರುವುದು ಸನ್ಮಾನಗಳ ಮೇಲೆ. ಶಾಲು, ಪೇಟ, ಗಂಧದ ಹಾರ, ಗಾಜಿನ ಡಬ್ಬಿಯೊಳಗಿನ ನೆನಪಿನ ಕಾಣಿಕೆ, ಇವು ವರ್ಷವಿಡೀ ಹೋಗುತ್ತವೆ. ಈ ಸೀಮೆಯಲ್ಲಿ ಆಡುವವರು ಕಡಿಮೆ, ಸನ್ಮಾನಕ್ಕೆ ಒಪ್ಪಿಕೊಳ್ಳುವವರು ಜಾಸ್ತಿ. ಕರಿಯಮ್ಮನವರು ಬರುವ ತನಕ ನನ್ನಲ್ಲಿ ಬಾಕ್ಸಿಂಗ್ ಗ್ಲೌಸು ಎಂದರೆ ಒಂದೇ ಜೊತೆ. ಅದನ್ನೂ ಷೋಕೇಸಿನಲ್ಲಿ ಕೇರಂ ಬೋರ್ಡಿನ ಪಕ್ಕ, ಅಂಗಡಿಗೆ ಒಂದು ಕಳೆ ಇರಲಿ ಎಂದು ತೂಗುಹಾಕಿದ್ದೆ.

ಅವರು ಹುಳಿಯಾರಿನ ಕಡೆಯ ಒಂದು ಹಟ್ಟಿಯವರು. ಅಪ್ಪ ಕುರಿ ಕಾಯುತ್ತಿದ್ದರಂತೆ. ಇವರು ಉತ್ತರದಲ್ಲೆಲ್ಲೋ ಬಂದೂಕು ಹಿಡಿಯುವ ನೌಕರಿಗೆ ಸೇರಿ, ಅಲ್ಲಿ ಬಾಕ್ಸಿಂಗ್ ಕಲಿತು, ಪಿಂಚಣಿ ಮತ್ತು ಎಡಕ್ಕೆ ವಾಲಿದ ಮೂಗಿನೊಂದಿಗೆ ವಾಪಸು ಬಂದಿದ್ದರು. ಹತ್ತಿ ಸೀರೆ, ಕಾಲಿಗೆ ಕ್ಯಾನ್ವಾಸ್ ಷೂ, ಕೊರಳಿಗೆ ಸೀಟಿ. ನಗುವುದು ಅವರ ಅಭ್ಯಾಸದಲ್ಲಿರಲಿಲ್ಲ. ಹೊಗಳುವುದಂತೂ ಇಲ್ಲವೇ ಇಲ್ಲ. ಹುಡುಗಿಯೊಬ್ಬಳು ಎಲ್ಲವನ್ನೂ ಸರಿಯಾಗಿ ಮಾಡಿದರೆ "ಹೂಂ, ಇವತ್ತು ನೆಟ್ಟಗೆ ನಿಂತ್ಕಂಡಿದ್ದೆ" ಎನ್ನುತ್ತಿದ್ದರು. ಅಷ್ಟನ್ನು ಕೇಳಿದ ಹುಡುಗಿ ಒಂದು ವಾರ ನೆಲದ ಮೇಲೆ ಕಾಲಿಡುತ್ತಿರಲಿಲ್ಲ.

ಹುಡುಗಿಯರಿಗೆ ಬಾಕ್ಸಿಂಗ್ ಕಲಿಸಲು ಅವರಿಗೆ ಜಾಗ ಕೊಟ್ಟವರು ಕೊಬ್ಬರಿ ಮಂಡಿಯ ಮಹಾಲಿಂಗಪ್ಪನವರು, ಊರಿನ ಕ್ರೀಡಾ ಸಂಘದ ಅಧ್ಯಕ್ಷರು. ಅವರ ಗೋದಾಮಿನಲ್ಲಿ ಮೇಲೆ ಅಟ್ಟ. ಅಟ್ಟದ ಮೇಲೆ ಕೊಬ್ಬರಿಯಾಗುವ ತನಕ ಯಾರೂ ಮುಟ್ಟದೆ ಬಿಟ್ಟ ಕಾಯಿರಾಶಿ. ಕೆಳಗೆ ಖಾಲಿ ನೆಲ. ಆ ನೆಲದಲ್ಲಿ ಮರಳು ತುಂಬಿದ ಗೋಣಿಮೂಟೆಗಳನ್ನು ಅಟ್ಟದ ತೊಲೆಗೇ ತೂಗುಹಾಕಿ ಕರಿಯಮ್ಮನವರು ಸಂಜೆ ಹೊತ್ತು ಶಾಲೆ ನಡೆಸುತ್ತಿದ್ದರು. ಹುಡುಗಿಯರು ಮೂಟೆಗೆ ಗುದ್ದಿದಾಗೆಲ್ಲ ಮೇಲಿನಿಂದ ಸಿಪ್ಪೆಯ ದೂಳು ಉದುರುತ್ತಿತ್ತು. ಬಾಡಿಗೆ ಇಲ್ಲ. ಬದಲಿಗೆ ಸಂಘದ ಕ್ಯಾಲೆಂಡರಿನಲ್ಲಿ ಮಹಾಲಿಂಗಪ್ಪನವರು ಗ್ಲೌಸು ಹಾಕಿಕೊಂಡು, ಎರಡೂ ಕೈ ಮುಗಿದುಕೊಂಡು ನಿಂತ ಫೋಟೋ.

ಗೋಡೆಯಲ್ಲಿ ಎರಡು ಗೂಟದ ಸಾಲುಗಳು. ಒಂದರಲ್ಲಿ ಮೂಟೆಯ ಗ್ಲೌಸು, ಇನ್ನೊಂದರಲ್ಲಿ ಮುಖದ ಗ್ಲೌಸು. ಹೆಸರು ಅವರೇ ಇಟ್ಟದ್ದು. ಮೂಟೆಯದು ಬಿಗಿ, ಗಟ್ಟಿ, ಮಣಿಕಟ್ಟನ್ನು ಅಲುಗಾಡದ ಹಾಗೆ ಹಿಡಿಯುವಂಥದ್ದು; ಅದು ಕಾಯುವುದು ಹೊಡೆಯುವವಳ ಕೈಯನ್ನು. ಮುಖದ್ದು ಹದಿನಾರು ಔನ್ಸಿನದು, ದಪ್ಪ, ಮೆತ್ತಗೆ, ಹೆಬ್ಬೆರಳು ಉಳಿದ ಭಾಗಕ್ಕೆ ಹೊಲಿದುಕೊಂಡದ್ದು. ಅದು ಕಾಯುವುದು ಎದುರಿಗಿರುವವಳ ಕಣ್ಣು ಮೂಗನ್ನು. ಇಬ್ಬರು ಎದುರುಬದುರು ನಿಂತು ಆಡುವ ಸ್ಪಾರಿಂಗಿಗೆ ಎರಡನೆಯ ಸಾಲು ಮಾತ್ರ. ಅದರಲ್ಲಿ ಮೂಟೆ ಮುಟ್ಟುವಂತಿಲ್ಲ.

ಹುಡುಗಿಯರನ್ನು ಅಂಗಡಿಗೆ ಕರೆತಂದಾಗ ಮೊದಲು ಕೈಗೆ ಪಟ್ಟಿ ಸುತ್ತಿಸುತ್ತಿದ್ದರು. ಬರಿಗೈಗೆ ಸರಿಹೋದದ್ದು ಪಟ್ಟಿ ಸುತ್ತಿದ ಕೈಗೆ ಹೋಗುವುದಿಲ್ಲ. ಆಮೇಲೆ ಗ್ಲೌಸು ಹಾಕಿಸಿ ಮುಷ್ಟಿ ಕಟ್ಟಿಸುವುದು, ಬೆರಳ ತುದಿ ಒಳಗೆ ತಾಕುತ್ತದೆಯೇ ಎಂದು ಕೇಳುವುದು, ಮಣಿಕಟ್ಟು ಹಿಡಿದು ತಿರುಚುವುದು. ಕಡೆಗೆ ನನ್ನ ಹಣೆ. ಬಣ್ಣ ನೋಡಿದ ಹುಡುಗಿಗೆ ತಲೆಯ ಮೇಲೊಂದು ಮೊಟಕು.

ಮಾಯಸಂದ್ರದಿಂದ ಒಬ್ಬ ಅಪ್ಪ ಬಂದಿದ್ದ, ಮಗಳ ಜೊತೆ. ಮೊಬೈಲಿನಲ್ಲಿ ಯಾವುದೋ ಫೋಟೋ ತೆಗೆದಿಟ್ಟುಕೊಂಡೇ ಒಳಗೆ ಕಾಲಿಟ್ಟ.

"ಮೇಡಂ, ನೀವು ಹೇಳಿದ್ದು ದಿಂಬಿದ್ದಂಗೈತೆ. ನಮ್ ಹುಡುಗಿ ಕೈ ಇಷ್ಟೇ ಇಷ್ಟು. ಈ ಕೆಂಪುದು ನೋಡಿ, ಚಿಕ್ಕದು, ನೀಟಾಗೈತೆ."

"ಕೈ ಅಳತೆ ನೋಡಾಕೆ ಬಳೆ ತೊಡಿಸ್ತಿದ್ದೀಯೇನಪ್ಪ? ಅದು ಮೂಟೆಗೆ. ಮೂಟೆಗೆ ಮೂಗಿಲ್ಲ."

"ಎರಡಕ್ಕೂ ಒಂದೇ ಆಯ್ತದೆ ಅಂತ ಇದ್ರಾಗೆ ಬರ್ದವ್ರಲ್ಲ?"

"ಬರ್ದೋರು ಬಂದು ಏಟು ತಿಂದವ್ರಾ? ಬಾ ಇಲ್ಲಿ. ಕನ್ನಡಕ ತೆಗಿ."

ಅವನು ತಮಾಷೆ ಎಂದುಕೊಂಡು ತೆಗೆದ. ಕರಿಯಮ್ಮನವರು ಮೊದಲು ನನ್ನ ಕಪಾಟಿನಲ್ಲಿದ್ದ ಅಂಥದೇ ಕೆಂಪು ಗ್ಲೌಸಿನಿಂದ, ಆಮೇಲೆ ದಿಂಬಿನಿಂದ, ಒಂದೇ ತೂಕದ ಒಂದೊಂದು ಏಟು ಕೊಟ್ಟರು. ಮೊದಲನೆಯದಕ್ಕೆ ಅವನ ಬಾಯಿಂದ "ಅಮ್ಮಾ" ಬಂತು. ಎರಡನೆಯದಕ್ಕೆ ಬರೀ "ಹ್ಞಾ" ಬಂತು. ಮಗಳು ಬಾಯಿ ಮುಚ್ಚಿಕೊಂಡು ಕಪಾಟಿನ ಕಡೆ ತಿರುಗಿ ನಗುತ್ತಿದ್ದಳು.

"ಈಗ ಹೇಳು, ಯಾವ್ದು ಕೊಡಿಸ್ತೀಯ?"

"ದಿಂಬೇ ಇರ್ಲಿ ಬುಡಿ," ಎಂದ ಅವನು, ಹಣೆ ತಿಕ್ಕಿಕೊಳ್ಳುತ್ತ. "ಆದ್ರೆ ಇದ್ನ ನಮ್ ಹುಡುಗಿ ಹಾಕ್ಕಂಡ್ರೆ ಉಳಿಯೋದು ಬೇರೆಯೋರ ಮಗಳ ಮಕ ಅಲ್ವ್ರಾ?"

"ಬೇರೆಯೋರೂ ಇದ್ನೇ ತರ್ತಾರೆ. ಅದ್ಕೇ ಹಾಕ್ಕಳೋರ್ನ ಕೇಳಿ ತಗಬಾರ್ದು ಕಣಪ್ಪ ಇದ್ನ. ತಿನ್ನೋರ್ನ ಕೇಳಿ ತಗಬೇಕು."

ಹೀಗೆ ಸೀಮೆಯ ಎಷ್ಟೋ ಗೌರವಸ್ಥ ಪಿತೃಗಳು ನನ್ನ ಅಂಗಡಿಯಲ್ಲಿ ಹಣೆಯೊಡ್ಡಿ ಜ್ಞಾನೋದಯ ಪಡೆದರು. ಕೆಲವರು ಜ್ಞಾನೋದಯವಾಗದೆ ಜಗಳವಾಡಿ ಹೋದರು. ಕರಿಯಮ್ಮನವರಿಗೆ ನಯವಾಗಿ ಹೇಳಿ ಒಪ್ಪಿಸುವ ವಿದ್ಯೆ ಬರುತ್ತಿರಲಿಲ್ಲ. ನಾನು ಒಂದೆರಡು ಸಲ "ಮೇಡಂ, ಸ್ವಲ್ಪ ನಿಧಾನವಾಗಿ ಹೇಳಬಹುದಲ್ಲ" ಎಂದು ನೋಡಿದೆ. "ನಿಧಾನಕ್ಕೆ ಹೇಳಾಕೆ ನಾನೇನು ಜೀವವಿಮೆ ಮಾರ್ತಿದ್ದೀನ್ರಾ?" ಎಂದು ನನ್ನ ಬಾಯಿ ಮುಚ್ಚಿಸಿದರು.

ಅವರ ಶಿಷ್ಯೆಯರಲ್ಲಿ ದಂಡಿನಶಿವರದ ಪವಿತ್ರ ಎಂಬವಳು ಎಲ್ಲರಿಗಿಂತ ಚುರುಕು. ಪೊಲೀಸ್ ಕಾನ್‌ಸ್ಟೇಬಲ್ ಆಗುವುದೊಂದೇ ಅವಳ ಗುರಿ. ಆಟಗಾರರಿಗೆ ಮೀಸಲಾದ ಜಾಗಕ್ಕೆ ಸಂಘದ ಸರ್ಟಿಫಿಕೇಟ್ ಒಂದು ಜೊತೆಗಿರಲಿ ಎಂಬುದು ಅವಳ ಮನೆಯವರ ಲೆಕ್ಕ. ಒಂದು ಸಂಜೆ ಆತುರದಲ್ಲಿ ಅವಳು ಮುಖದ ಗ್ಲೌಸು ಹಾಕಿಕೊಂಡು ಮೂಟೆಗೆ ಗುದ್ದುತ್ತಿದ್ದಳು. ಅಂಗಡಿಯ ಬಿಲ್ಲಿಗೆ ಸಹಿ ಹಾಕಿಸಲು ಹೋಗಿದ್ದ ನಾನು ಬಾಗಿಲಲ್ಲೇ ನಿಂತೆ. ಕರಿಯಮ್ಮನವರ ಸೀಟಿಯ ಸದ್ದಿಗೆ ಅಟ್ಟದ ಮೇಲಿನ ಇಲಿಗಳೂ ಸ್ತಬ್ಧವಾದವು.

"ಏನೇ ಅದು ಕೈಯಾಗೆ?"

"ಗ್ಲೌಸು ಮೇಡಂ. ಗೊತ್ತಾಗ್ಲಿಲ್ಲ."

"ಗೊತ್ತಾಯ್ತು, ಸೋಮಾರಿತನ. ಮರಳುಮೂಟೆಗೆ ಗುದ್ದಿ ಗುದ್ದಿ ಅದ್ರೊಳಗಿನ ಸ್ಪಂಜು ಸತ್ತೋಯ್ತದೆ ಕಣೇ. ಮೇಲ್ನೋಟಕ್ಕೆ ಹಂಗೇ ಇರ್ತದೆ. ನಾಳೆ ಅದ್ನೇ ಹಾಕ್ಕಂಡು ನಿನ್ನ ಗೆಳತಿ ಕಣ್ಣಿಗೆ ಕೊಡ್ತೀಯ. ಅವ್ಳಿಗೆ ಏನಂತೀಯ ಆವಾಗ, ಗೊತ್ತಾಗ್ಲಿಲ್ಲ ಅಂತೀಯ?"

ಪವಿತ್ರಳಿಗೆ ಒಂದು ವಾರ ಗ್ಲೌಸು ಮುಟ್ಟುವ ಹಾಗಿಲ್ಲ, ಬರೀ ಹಗ್ಗ ಹಾರುವುದು ಎಂದು ಶಿಕ್ಷೆಯಾಯಿತು. ಅತ್ತುಕೊಂಡೇ ಹಾರಿದಳು. ಮನೆಗೆ ಹೋಗುವಾಗ ಅವಳ ಬ್ಯಾಗಿಗೆ ಕರಿಯಮ್ಮನವರು ಎರಡು ಬೇಯಿಸಿದ ಮೊಟ್ಟೆ ಹಾಕಿದ್ದನ್ನು ನಾನು ಕಂಡೆ. ಕಂಡದ್ದಕ್ಕೆ ನನಗೂ ಒಂದು ದುರುಗುಟ್ಟುವ ನೋಟ ಸಿಕ್ಕಿತು.

ಎಷ್ಟು ಜೋಪಾನ ಮಾಡಿದರೂ ಸ್ಪಂಜಿಗೆ ಆಯುಷ್ಯವಿದೆ. ಮುಖದ ಗ್ಲೌಸುಗಳು ಸವೆದವು. ಹೊಸ ಜೊತೆಗಳು ಬೇಕು, ಬರುವ ತನಕ ಸ್ಪಾರಿಂಗ್ ಇಲ್ಲ ಎಂದು ಕರಿಯಮ್ಮನವರು ಸಂಘಕ್ಕೆ ಹೇಳಿದರು. ಮಹಾಲಿಂಗಪ್ಪನವರು ಸವೆದ ಗ್ಲೌಸನ್ನು ಕೈಯಲ್ಲಿ ಹಿಡಿದು ಒತ್ತಿ ನೋಡಿದರು. ಅವರ ಮುಖದಲ್ಲಿ ಒಂದು ಬೆಳಕು ಮೂಡಿತು. ಆ ಬೆಳಕಿಗೆ ನಾನೇ ಸಾಕ್ಷಿ, ಏಕೆಂದರೆ ಅದು ಮೂಡಿದ್ದು ನನ್ನ ಅಂಗಡಿಯಲ್ಲಿ.

"ಅಲ್ಲ ಕಣ್ರೀ, ತೆಂಗಿನ ಸೀಮೆಯೋರು ನಾವು. ಮಲಗೋ ಹಾಸಿಗೆಗೆ ನಾರು, ಸೋಫಾಗೆ ನಾರು, ಕಾರಿನ ಸೀಟಿಗೆ ನಾರು. ಈ ಅಂಗೈಯಗಲದ ಗ್ಲೌಸಿಗೆ ಎಲ್ಲಿಂದಲೋ ಸ್ಪಂಜು ತರಿಸ್ಬೇಕಾ? ನಮ್ಮ ನಾರು ತುಂಬ್ಸಿ!"

ಕೇಳಿದವರಿಗೆಲ್ಲ ಮೈ ಜುಮ್ಮೆಂದಿತು. ಕಾಯಿ, ಎಣ್ಣೆ, ಹಗ್ಗ, ಪೊರಕೆ, ಸೌದೆ, ಎಲ್ಲವನ್ನೂ ಕೊಟ್ಟ ಮರ ಬಾಕ್ಸಿಂಗನ್ನು ಮಾತ್ರ ಕೈಬಿಟ್ಟೀತೇ? ಗ್ಲೌಸುಗಳು ಹಾಸಿಗೆ ಹೊಲಿಯುವವನ ಬಳಿಗೆ ಹೋದವು. ಸ್ಪಂಜು ಕಿತ್ತು, ನಾರು ಗಿಡಿದು, ಹೊಲಿಗೆ ಹಾಕಿಸಿಕೊಂಡು ವಾಪಸು ಬಂದಾಗ ಬಾಣಂತನ ಮುಗಿಸಿ ಬಂದವರ ಹಾಗೆ ದುಂಡಗೆ ತುಂಬಿಕೊಂಡಿದ್ದವು. ಮೇಲೆ ಸಂಘದ ಹೆಸರು, ಅದರ ಕೆಳಗೆ ಅಧ್ಯಕ್ಷರ ಹೆಸರು ಹಳದಿ ಬಣ್ಣದಲ್ಲಿ.

ಕರಿಯಮ್ಮನವರು ಒಂದನ್ನು ಹಾಕಿಕೊಂಡು ನನ್ನ ಕಡೆ ನೋಡಿದರು. ನಾನು ಅಭ್ಯಾಸಬಲದಿಂದ ಹಣೆ ಕೊಟ್ಟೆ. ಅವತ್ತು ಅವರು ಪ್ರಶ್ನೆ ಕೇಳುವ ಅಗತ್ಯ ಬೀಳಲಿಲ್ಲ. ನಾನು ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

"ಒಣಗಿದ್ದಾಗಲೇ ಹಿಂಗೆ. ಬೆವರು ಕುಡಿದು ಮತ್ತೆ ಒಣಗಿದ್ರೆ ಗಂಟುಗಂಟಾಗಿ ಕಲ್ಲಾಗ್ತದೆ," ಎಂದರು.

ಈ ವಿಷಯ ಚರ್ಚಿಸಲು ಸಂಘದ ಸಭೆ ಸೇರಿತು. ಅಧ್ಯಕ್ಷರ ಅರವತ್ತರ ಸಂಭ್ರಮದಲ್ಲಿ ಹುಡುಗಿಯರ ಪ್ರದರ್ಶನ ಪಂದ್ಯ ಆಗಬೇಕು, ಅದರಲ್ಲಿ ದೇಶೀ ಗ್ಲೌಸಿನ ಬಿಡುಗಡೆಯೂ ಆಗಬೇಕು ಎಂಬುದು ಸಭೆಯ ಆಸೆ. ಶಾಲು ಹಾರಗಳ ಆರ್ಡರು ಬರೆದುಕೊಳ್ಳಲು ನನ್ನನ್ನೂ ಕರೆದಿದ್ದರು. ಕರಿಯಮ್ಮನವರು ಒಂದು ಗ್ಲೌಸು ಹಾಕಿಕೊಂಡೇ ಬಂದರು.

"ನಂದೇನೂ ತಕರಾರಿಲ್ಲ," ಎಂದರು. "ನಿಮ್ಮಲ್ಲಿ ಯಾರಾದ್ರೂ ಒಬ್ರು ಎದ್ದು ಬನ್ನಿ. ಕಣ್ಣಿನ ಪಕ್ಕಕ್ಕೆ ಒಂದೇ ಒಂದು ಕೊಡ್ತೀನಿ. ತಡ್ಕಂಡು, ಮೆತ್ತಗೈತೆ ಅನ್ರಿ. ನಾಳೆಯಿಂದ ನಾನೇ ಹುಡುಗೀರಿಗೆ ಹಾಕಿಸ್ತೀನಿ."

ತಕ್ಷಣ ಸದಸ್ಯರ ಆರೋಗ್ಯ ವಿಚಾರಗಳು ಹೊರಬಿದ್ದವು. ಅಧ್ಯಕ್ಷರಿಗೆ ಬಿ.ಪಿ. ಇತ್ತು. ಕಾರ್ಯದರ್ಶಿಗೆ ಹೊಸ ಹಲ್ಲುಸೆಟ್ಟು. ಖಜಾಂಚಿಯವರು ಮೊನ್ನೆ ತಾನೆ ಕಣ್ಣಿನ ಪೊರೆ ತೆಗೆಸಿದ್ದರು. ಇನ್ನೊಬ್ಬರು, ಒಬ್ಬ ಹೆಂಗಸಿನ ಕೈಲಿ ಬಹಿರಂಗವಾಗಿ ಏಟು ತಿನ್ನುವುದು ತಮ್ಮ ಮನೆತನದಲ್ಲಿ ಇಲ್ಲ ಎಂದರು.

"ಹಂಗಾರೆ ಹುಡುಗೀರ ಮನೆತನದಲ್ಲಿ ಐತಾ?" ಎಂದರು ಕರಿಯಮ್ಮ.

"ನೋಡಮ್ಮ," ಎಂದರು ಮಹಾಲಿಂಗಪ್ಪನವರು, ಸಮಾಧಾನದಿಂದಲೇ. "ಬಾಕ್ಸಿಂಗು ಅಂದ್ಮೇಲೆ ಒಂಚೂರು ಏಟು ಬೀಳ್ತದೆ. ಅದಕ್ಕೆ ಯಾಕಿಷ್ಟು?"

"ಒಂಚೂರು ಏಟು ನೀವೇ ತಿನ್ನಿ ಅಂತಲೇ ನಾನೂ ಅಂತಿರೋದು."

ಗ್ಲೌಸು ಮೆತ್ತಗಿದೆ ಎಂದು ಸಭೆ ಸರ್ವಾನುಮತದಿಂದ ಠರಾವು ಮಾಡಿತು. ಸೂಚಿಸಿದವರು ಹಲ್ಲುಸೆಟ್ಟಿನವರು, ಅನುಮೋದಿಸಿದವರು ಪೊರೆ ತೆಗೆಸಿದವರು.

ಕರಿಯಮ್ಮನವರು ಸೊಂಟದಿಂದ ಗೋದಾಮಿನ ಬೀಗದ ಕೈ ತೆಗೆದು ಮೇಜಿನ ಮೇಲೆ ಬಿಸಾಕಿ ಎದ್ದುಹೋದರು. ನಾನು ಹಿಂದೆಯೇ ಓಡಿ ಬೀದಿಯಲ್ಲಿ ಹಿಡಿದೆ.

"ಮೇಡಂ, ಇದ್ದುಕೊಂಡೇ ತಡೀರಿ. ನೀವಿಲ್ಲದಿದ್ರೆ ಬೇರೆ ಯಾರನ್ನೋ ತಂದು ಮಾಡಿಸ್ತಾರೆ."

"ನನ್ ಹುಡುಗೀರು ನಾನಿಲ್ದೆ ರಿಂಗಿಗೆ ಇಳಿಯಲ್ಲ ಯಜಮಾನ್ರೇ."

ಅಷ್ಟೊಂದು ಕಂಡ ಹೆಂಗಸಿಗೆ ಆ ಒಂದು ವಿಷಯ ಹೊಳೆಯಲಿಲ್ಲ. ಹುಡುಗಿಯರಿಗೆ ಮೇಡಂ ಬೇಕಾಗಿದ್ದರು, ನಿಜ. ಸರ್ಟಿಫಿಕೇಟೂ ಬೇಕಾಗಿತ್ತು. ಅದಕ್ಕೆ ಸಹಿ ಹಾಕುವ ಪೆನ್ನು ಮಹಾಲಿಂಗಪ್ಪನವರ ಜೇಬಿನಲ್ಲಿತ್ತು. ಪಕ್ಕದ ತಾಲ್ಲೂಕಿನಿಂದ ಒಬ್ಬ ಕರಾಟೆ ಮಾಸ್ತರರು ಬಂದರು. ಅವರು ಬಹಳ ಮೃದುಭಾಷಿ, ಯಾರಿಗೂ ಇಲ್ಲ ಎನ್ನುವವರಲ್ಲ.

ಅರವತ್ತರ ಸಂಭ್ರಮ ಭರ್ಜರಿಯಾಗಿ ನಡೆಯಿತು. ಷಾಮಿಯಾನ, ಮೈಕು, ಎಳನೀರು. ಶಾಲುಗಳು ನನ್ನ ಅಂಗಡಿಯವೇ. ಹೊರಗಿನಿಂದ ಕರೆಸಿದ್ದ ಹುಡುಗಿಯೊಬ್ಬಳ ಎದುರು ಪವಿತ್ರ ಆಡಿದಳು. ಇಬ್ಬರ ಕೈಯಲ್ಲೂ ದೇಶೀ ಗ್ಲೌಸು. ಪ್ರತಿ ಏಟಿಗೂ ಒಳ್ಳೆಯ ಗಟ್ಟಿ ಸದ್ದು ಬರುತ್ತಿದ್ದುದರಿಂದ ಜನಕ್ಕೆ ಬಹಳ ಖುಷಿ. ಪವಿತ್ರ ಗೆದ್ದಳು. ವೇದಿಕೆ ಹತ್ತಿ ಅಧ್ಯಕ್ಷರ ಕಾಲು ಮುಟ್ಟಿ, ಫಲಕ ತೆಗೆದುಕೊಂಡು, ಫೋಟೋಗೆ ನಿಂತಳು. ಬಲಗಣ್ಣು ಸ್ವಲ್ಪ ಊದಿತ್ತು, ಅಷ್ಟೇ. ಮನೆಗೆ ಹೋದ ಮೇಲೆ ಬಲಗಣ್ಣಿಗೆ ಮೇಲಿನಿಂದ ಕಪ್ಪು ಪರದೆ ಇಳಿಯುತ್ತಿದೆ ಎಂದು ತಾಯಿಗೆ ಹೇಳಿದಳಂತೆ. ನಿದ್ದೆ ಮಾಡು, ಸರಿಹೋಗ್ತದೆ ಎಂದರಂತೆ ಅವರು. ಅವರಿಗೇನು ಗೊತ್ತು. ತುಮಕೂರಿಗೆ, ಅಲ್ಲಿಂದ ಬೆಂಗಳೂರಿಗೆ ಹೋಗುವ ಹೊತ್ತಿಗೆ ಕಣ್ಣಿನೊಳಗಿನ ಪದರ ಕಿತ್ತುಬಂದಿತ್ತು. ಆಪರೇಷನ್ ಆಯಿತು. ಆ ಕಣ್ಣಿಗೆ ಈಗ ಬೆಳಕು ಕಾಣುತ್ತದೆ, ಮುಖ ಕಾಣುವುದಿಲ್ಲ.

ಊರು ತೀರ್ಪು ಕೊಡಲು ತಡ ಮಾಡಲಿಲ್ಲ. ಹೆಣ್ಣುಮಕ್ಕಳಿಗೆ ಹೊಡೆದಾಟ ಕಲಿಸಿದ ಆ ಹಟ್ಟಿಯ ಹೆಂಗಸೇ ಇದಕ್ಕೆಲ್ಲ ಕಾರಣ ಎಂದಿತು. ಶಾಪ ಹಾಕಿ ಹೋದಳು ಎಂದರು ಕೆಲವರು. ನಾನು ನಾರಿನ ವಿಷಯ ಎತ್ತಿದರೆ, "ಠರಾವಾಗಿತ್ತಲ್ಲ ಕಣ್ರೀ" ಎಂದರು ಕಾರ್ಯದರ್ಶಿ.

ಒಂದು ದಿನ ಕರಿಯಮ್ಮನವರು ಅಂಗಡಿಗೆ ಬಂದರು. ಕೊರಳಲ್ಲಿ ಸೀಟಿ ಇರಲಿಲ್ಲ.

"ದಂಡಿನಶಿವರಕ್ಕೆ ಬತ್ತೀರಾ? ನಾನೊಬ್ಳೇ ಹೋದ್ರೆ ಗೇಟು ತೆಗೆಯಾಕಿಲ್ಲ ಅವರಪ್ಪ," ಎಂದರು. ಅಂಗಡಿ ಮುಚ್ಚಿ ಹೊರಟೆ. ದಾರಿಯುದ್ದಕ್ಕೂ ಅವರು ಬಸ್ಸಿನ ಕಿಟಕಿಯ ಕಂಬಿ ಹಿಡಿದು ಕುಳಿತಿದ್ದರು. ನಡುವೆ ಒಂದೇ ಮಾತು ಬಂತು: "ಆ ಬೀಗದ ಕೈ ಬಿಸಾಕಬಾರ್ದಾಗಿತ್ತು ನಾನು."

ಪವಿತ್ರಳ ತಂದೆ ನಾಗರಾಜಪ್ಪ ಗೇಟಿನ ಬಳಿಯೇ ನಿಂತಿದ್ದ. ನನಗೆ ಕೈ ಮುಗಿದ. ಅವರಿಗಿಲ್ಲ.

"ಯಾಕೆ ಬಂದಿದ್ದೀರ ಮೇಡಂ? ಸರ್ಟಿಫಿಕೇಟ್ ಬಂತು. ಕಟ್ಟು ಹಾಕ್ಸಿ ಗೋಡೆಗೆ ತೂಗಾಕಿದ್ದೀನಿ. ಪೊಲೀಸ್ನೋರು ಕಣ್ಣು ಟೆಸ್ಟ್ ಮಾಡ್ತಾರಲ್ಲ, ಆವಾಗ ಅದ್ನೇ ತೋರಿಸ್ಲಾ, ಹೇಳಿ."

ಎಂಥೆಂಥವರ ಬಾಯಿ ಮುಚ್ಚಿಸಿದ ಕರಿಯಮ್ಮನವರು ತಲೆ ಬಗ್ಗಿಸಿ ನಿಂತರು.

"ನೀವು ಕಲಿಸ್ಲಿಲ್ಲ ಅಂದಿದ್ರೆ ಅವ್ಳು ಅಲ್ಲಿಗೆ ಹೋಗ್ತಿರ್ಲಿಲ್ಲ. ಕಲಿಸಿದ್ಮೇಲೆ ನೀವು ಅಲ್ಲಿರ್ಬೇಕಾಗಿತ್ತು. ಎರಡ್ರಾಗೆ ಒಂದ್ನಾದ್ರೂ ಮಾಡಬಾರ್ದಾಗಿತ್ತಾ?" ಎಂದ ಅವನು. ಅವನ ದನಿ ಏರಲೂ ಇಲ್ಲ.

ಮಾತು ಕೇಳಿ ಪವಿತ್ರ ಹೊರಗೆ ಬಂದಳು. ಕಪ್ಪು ಕನ್ನಡಕ ಹಾಕಿದ್ದಳು. ಜಗುಲಿಯ ಅಂಚನ್ನು ಕಾಲಿನಿಂದ ತಡವಿ ಇಳಿದು, ಅಪ್ಪನ ಪಕ್ಕ ಬಂದು ಗೇಟಿನ ಒಳಗಡೆ ನಿಂತಳು.

"ಮೇಡಂ, ಯಾರಾದ್ರೂ ಹೇಳಿದ್ರಾ ನಿಮಗೆ? ನಾನೇ ಗೆದ್ದಿದ್ದು."

"ಹೇಳಿದ್ರು ಕಣವ್ವ," ಎಂದರು ಕರಿಯಮ್ಮನವರು. "ಎಲ್ರೂ ಹೇಳಿದ್ರು. ಬಲು ಚೆನ್ನಾಗಿ ಆಡಿದ್ಯಂತೆ. ನನ್ಗಿಂತ ಚೆನ್ನಾಗಿ ಆಡಿದ್ಯಂತೆ."

ಯಾರೂ ಅವರಿಗೆ ಅಂಥದ್ದೇನನ್ನೂ ಹೇಳಿರಲಿಲ್ಲ. ಹುಡುಗಿ ನಕ್ಕಳು. ನಾಗರಾಜಪ್ಪ ಅವಳ ಭುಜ ಹಿಡಿದು ಒಳಗೆ ಕರೆದುಕೊಂಡು ಹೋದ, ಗೇಟು ಹಾಕಿದ. ಕರಿಯಮ್ಮನವರು ಅಲ್ಲಿಂದಲೇ ಹುಳಿಯಾರಿನ ಕಡೆಗೆ ಹೋಗುತ್ತೇನೆಂದರು. ಆಮೇಲೆ ಅವರು ತಿಪಟೂರಿಗೆ ಬರಲಿಲ್ಲ.